ರಕ್ತದ ಎರಡು ಕಾವಲುಗಳು: ಜೂಲ್ ಬೋರ್ಡೆ ಅವರ ಸಂಶೋಧನೆ

ಚರ್ಮ ಸೀಳಿದಾಗ ದೇಹಕ್ಕೆ ಒಮ್ಮೆಲೇ ಎರಡು ಅಪಾಯಗಳು ಎದುರಾಗುತ್ತವೆ: ಒಂದು, ರಕ್ತ ಸೋರಿಹೋಗುವುದು, ಇನ್ನೊಂದು, ತೆರೆದ ಗಾಯದ ಮೂಲಕ ರೋಗಾಣುಗಳು ಒಳನುಗ್ಗುವುದು. ಮೊದಲನೆಯದನ್ನು ತಡೆಯುವ ಹೆಪ್ಪುಗಟ್ಟುವಿಕೆ ಮತ್ತು ಎರಡನೆಯದನ್ನು ಎದುರಿಸುವ ರೋಗನಿರೋಧಕ ಶಕ್ತಿ, ಇವೆರಡನ್ನೂ ಪ್ರಯೋಗಶಾಲೆಯ ಗಾಜಿನ ನಳಿಗೆಗೆ ತಂದು ಬಿಡಿಸಿ ನೋಡಿದವರಲ್ಲಿ ಬೆಲ್ಜಿಯಂನ ಜೂಲ್ ಬೋರ್ಡೆ (1870–1961) ಪ್ರಮುಖರು.

ಬ್ರಸೆಲ್ಸ್‌ನಲ್ಲಿ 1892ರಲ್ಲಿ ವೈದ್ಯಪದವಿ ಪಡೆದ ಬೋರ್ಡೆ, 1894ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಎಲೀ ಮೆಚ್ನಿಕಾಫ್ ಅವರ ಪ್ರಯೋಗಾಲಯವನ್ನು ಸೇರಿದರು. ರೋಗಾಣುಗಳನ್ನು ನುಂಗಿ ಜೀರ್ಣಿಸುವ ಬಿಳಿಯ ರಕ್ತಕಣಗಳೇ ದೇಹದ ಮುಖ್ಯ ರಕ್ಷಕರೆಂದು ಮೆಚ್ನಿಕಾಫ್ ವಾದಿಸುತ್ತಿದ್ದರೆ, ಆ ಶಕ್ತಿ ರಕ್ತದ ದ್ರವಭಾಗದಲ್ಲಿದೆ ಎಂಬುದು ಜರ್ಮನಿಯ ಹಲವು ವಿಜ್ಞಾನಿಗಳ ನಿಲುವಾಗಿತ್ತು. ಬೋರ್ಡೆ ಗುರುವಿನ ಪ್ರಯೋಗಾಲಯದಲ್ಲಿಯೇ ಆ ದ್ರವದ ಪರೀಕ್ಷೆಗೆ ತೊಡಗಿದರು. ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿದ್ರವಕ್ಕೆ ಸೀರಂ ಎಂದು ಹೆಸರು. ಕಾಲರಾ ರೋಗಾಣುವಿನ ವಿರುದ್ಧ ರೋಗನಿರೋಧಕ ಶಕ್ತಿ ಬೆಳೆಸಿಕೊಂಡ ಪ್ರಾಣಿಯ ಸೀರಂ ಆ ರೋಗಾಣುವನ್ನು ಕರಗಿಸಬಲ್ಲದು. ಆದರೆ ಅದನ್ನು ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಆ ಗುಣ ಅಳಿದುಹೋಗುತ್ತದೆ. ಕಾಯಿಸಿದ ಈ ಸೀರಂಗೆ ಸಾಮಾನ್ಯ ಪ್ರಾಣಿಯ ಹಸಿ ಸೀರಂ ಸ್ವಲ್ಪ ಬೆರೆಸಿದೊಡನೆ ಕಳೆದುಹೋದ ಗುಣ ಮರಳುವುದನ್ನು ಬೋರ್ಡೆ 1895ರಲ್ಲಿ ತೋರಿಸಿದರು. ರೋಗಾಣುವನ್ನು ಗುರುತಿಸಿ ಅಂಟಿಕೊಳ್ಳುವ, ಶಾಖವನ್ನು ತಾಳುವ ಪ್ರತಿಕಾಯ ಒಂದು. ಸಾಮಾನ್ಯ ಪ್ರಾಣಿಗಳ ರಕ್ತದಲ್ಲಿಯೂ ಇದ್ದು, ಶಾಖಕ್ಕೆ ನಾಶವಾಗುವ, ಇಂದು ಕಾಂಪ್ಲಿಮೆಂಟ್ ಎಂದು ಕರೆಯಲಾಗುವ ಪೂರಕ ವಸ್ತು ಮತ್ತೊಂದು. ಈ ಎರಡೂ ಕೂಡಿದಾಗಲೇ ರೋಗಾಣು ಕರಗುತ್ತದೆ.

ಒಂದು ಪ್ರಾಣಿಯ ಕೆಂಪು ರಕ್ತಕಣಗಳನ್ನು ಮತ್ತೊಂದು ಪ್ರಾಣಿಯ ಸೀರಂ ಒಡೆಯುವುದೂ ಇದೇ ಬಗೆಯಲ್ಲಿ ಎಂದು 1898ರಲ್ಲಿ ಅವರು ಕಂಡುಕೊಂಡದ್ದರಿಂದ, ಕಣ್ಣಿಗೆ ಕಾಣದ ಕ್ರಿಯೆಯೊಂದನ್ನು ಬಣ್ಣದಿಂದ ಅಳೆಯುವ ದಾರಿ ತೆರೆಯಿತು. ರೋಗಾಣುವೂ ಅದರ ಪ್ರತಿಕಾಯವೂ ಕೂಡಿದ ನಳಿಗೆಯಲ್ಲಿ ಕಾಂಪ್ಲಿಮೆಂಟ್ ಖರ್ಚಾಗಿರುವುದರಿಂದ, ಅನಂತರ ಪ್ರತಿಕಾಯ ಅಂಟಿದ ಕೆಂಪುಕಣಗಳನ್ನು ಸೇರಿಸಿದರೂ ಅವು ಒಡೆಯದೆ ತಳದಲ್ಲಿ ನಿಲ್ಲುತ್ತವೆ. ರೋಗಾಣುವಿನ ಪ್ರತಿಕಾಯ ಇಲ್ಲದಿದ್ದರೆ ಅವು ಒಡೆದು ದ್ರವವೆಲ್ಲ ಕೆಂಪಾಗುತ್ತದೆ. ಒಕ್ತಾವ್ ಝಾಂಗು ಅವರೊಂದಿಗೆ 1901ರಲ್ಲಿ ರೂಪಿಸಿದ ಈ ವಿಧಾನವೇ 1906ರಲ್ಲಿ ಸಿಫಿಲಿಸ್ ಪತ್ತೆಗೆ ಬಂದ ವಾಸರ್‌ಮನ್ ಪರೀಕ್ಷೆಗೆ ಆಧಾರವಾಯಿತು. ನಾಯಿಕೆಮ್ಮಿನ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದ ಕೀರ್ತಿಯೂ 1906ರಲ್ಲಿ ಇವರಿಬ್ಬರಿಗೆ ಸಂದಿತು. ಆ ಜಾತಿಯ ಬ್ಯಾಕ್ಟೀರಿಯಾ ಇಂದಿಗೂ ಬೋರ್ಡೆಟೆಲ್ಲಾ ಎಂಬ ಹೆಸರನ್ನು ಹೊತ್ತಿದೆ. ರೋಗನಿರೋಧಕ ಶಕ್ತಿಯ ಕುರಿತ ಶೋಧಗಳಿಗಾಗಿ 1919ನೆಯ ಸಾಲಿನ ನೊಬೆಲ್ ಪ್ರಶಸ್ತಿ ಬೋರ್ಡೆ ಅವರಿಗೆ ದೊರೆಯಿತು.

ಹೆಪ್ಪುಗಟ್ಟುವಿಕೆಯ ಕೆಲಸ ಅಷ್ಟು ಪ್ರಸಿದ್ಧವಲ್ಲದಿದ್ದರೂ ನಳಿಗೆಯಲ್ಲಿ ಬಿಡಿಸಿ ನೋಡುವ ವಿಧಾನ ಅಲ್ಲಿಯೂ ಅದೇ ಆಗಿತ್ತು. ಒಳಗೆ ಪ್ಯಾರಾಫಿನ್ ಮೇಣ ಲೇಪಿಸಿದ ನಳಿಗೆಯಲ್ಲಿ ಸಂಗ್ರಹಿಸಿ, ಕಣಗಳನ್ನು ತೆಗೆದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ದ್ರವವಾಗಿಯೇ ಉಳಿಯುತ್ತದೆ, ಅದನ್ನು ಬರಿಯ ಗಾಜಿನ ನಳಿಗೆಗೆ ಸುರಿದರೆ ಹೆಪ್ಪುಗಟ್ಟುತ್ತದೆ ಎಂದು ಬೋರ್ಡೆ ಮತ್ತು ಝಾಂಗು ತೋರಿಸಿದರು. ಹೆಪ್ಪುಗಟ್ಟಲು ಬೇಕಾದ ಸಾಮಗ್ರಿ ರಕ್ತದಲ್ಲಿಯೇ ಸುಪ್ತವಾಗಿರುತ್ತದೆ, ಅನ್ಯ ಮೇಲ್ಮೈಯೊಂದರ ಸ್ಪರ್ಶ ಅದನ್ನು ಎಚ್ಚರಿಸುತ್ತದೆ ಎಂಬುದು ಇದರ ತಾತ್ಪರ್ಯ. ಈ ಸ್ಪರ್ಶಕ್ಕೆ ಸ್ಪಂದಿಸುವ ಪ್ರೋಟೀನು ಹನ್ನೆರಡನೆಯ ಹೆಪ್ಪು ಅಂಶವೆಂದು ಮುಂದೆ ತಿಳಿಯಿತು. ಇಂದಿನ ರಕ್ತಪರೀಕ್ಷೆಗಳಲ್ಲೊಂದಾದ ಎಪಿಟಿಟಿ ಈ ತತ್ತ್ವವನ್ನೇ ಬಳಸುತ್ತದೆ.

ಅನಂತರದ ಜೀವವಿಜ್ಞಾನ ಈ ಎರಡು ಕ್ಷೇತ್ರಗಳನ್ನು ಮತ್ತಷ್ಟು ಹತ್ತಿರ ತಂದಿದೆ. ಕಾಂಪ್ಲಿಮೆಂಟ್ ಆಗಲಿ ಹೆಪ್ಪು ಅಂಶಗಳಾಗಲಿ ಒಂದು ಪ್ರೋಟೀನು ಇನ್ನೊಂದನ್ನು ಚುರುಕುಗೊಳಿಸುವ ಸರಪಳಿಗಳು, ಮತ್ತು ಸಿ1 ಇನ್‌ಹಿಬಿಟರ್ ಎಂಬ ಒಂದೇ ಪ್ರೋಟೀನು ಕಾಂಪ್ಲಿಮೆಂಟ್ ಸರಪಳಿಯ ಮೊದಲ ಕೊಂಡಿಗೂ ಚುರುಕುಗೊಂಡ ಹನ್ನೆರಡನೆಯ ಹೆಪ್ಪು ಅಂಶಕ್ಕೂ ಕಡಿವಾಣ ಹಾಕುತ್ತದೆ. ತೀವ್ರ ಸೋಂಕಿನಲ್ಲಿ ಉರಿಯೂತ ಮತ್ತು ರಕ್ತನಾಳಗಳೊಳಗಿನ ಹೆಪ್ಪು ಜೊತೆಯಾಗಿ ಕಾಣಿಸಿಕೊಳ್ಳುವುದಕ್ಕೆ ಈ ನಂಟು ಒಂದು ಕಾರಣ. ಆದುದರಿಂದ ಬೋರ್ಡೆ ಅವರ ಎರಡು ಬಗೆಯ ಸಂಶೋಧನೆಗಳನ್ನು ಒಟ್ಟಿಗೆ ಓದುವುದೇ ಸರಿ. ಅವರು ಎರಡು ದಿಕ್ಕಿನಿಂದ ಪರಿಶೀಲಿಸಿದ್ದು ಒಂದೇ ರಕ್ತ ತನ್ನನ್ನು ಕಾಪಾಡಿಕೊಳ್ಳುವ ಬಗೆಯನ್ನು.