ಮುಕ್ತ ತಂತ್ರಾಂಶ: ಬೆರೆಸುವ ಮುನ್ನ ಪರವಾನಗಿ ಗಮನಿಸಿ

ಯಂತ್ರಗಳ ನಿಯಂತ್ರಣ ಫಲಕದಿಂದ ಹಿಡಿದು ಬಿಲ್ಲಿಂಗ್ ವ್ಯವಸ್ಥೆಯವರೆಗೆ ಮುಕ್ತ ತಂತ್ರಾಂಶದ ಬಳಕೆ ಇಂದು ಸಾಮಾನ್ಯವಾಗಿದೆ. ಅದಕ್ಕೆ ಬೆಲೆ ಇಲ್ಲದಿರಬಹುದು, ಆದರೆ ಷರತ್ತುಗಳಿವೆ. ಭಿನ್ನ ಪರವಾನಗಿಗಳ ಕೋಡನ್ನು ಬೆರೆಸಿ ಒಂದೇ ತಂತ್ರಾಂಶವಾಗಿ ಮಾರುವಾಗ ಎಲ್ಲ ಷರತ್ತುಗಳನ್ನೂ ಏಕಕಾಲಕ್ಕೆ ಪಾಲಿಸಲು ಸಾಧ್ಯವಿರಬೇಕು.

1991ರ ಜಿಪಿಎಲ್ ಪರವಾನಗಿಯ 2ನೆಯ ಆವೃತ್ತಿಯು ತನ್ನಲ್ಲಿಲ್ಲದ ಹೆಚ್ಚಿನ ನಿರ್ಬಂಧಗಳನ್ನು ಒಪ್ಪುವುದಿಲ್ಲ. 2004ರ ಅಪಾಚೆ 2.0 ಪರವಾನಗಿಯಾದರೋ ಕೋಡ್ ನೀಡಿದವರ ಪೇಟೆಂಟನ್ನು ಬಳಸುವ ಹಕ್ಕನ್ನು ಶುಲ್ಕವಿಲ್ಲದೆ ಕೊಡುತ್ತದೆ; ಅದೇ ತಂತ್ರಾಂಶವು ತನ್ನ ಪೇಟೆಂಟನ್ನು ಉಲ್ಲಂಘಿಸಿದೆಯೆಂದು ದಾವೆ ಹೂಡಿದವನಿಗೆ ಆ ಹಕ್ಕು ರದ್ದಾಗುತ್ತದೆ. ಇಂತಹ ಷರತ್ತುಗಳ ಕಾರಣ ಇವೆರಡೂ ಹೊಂದುವುದಿಲ್ಲವೆಂಬುದು ಜಿಪಿಎಲ್ ರೂಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ನಿಲುವು. 2007ರ 3ನೆಯ ಆವೃತ್ತಿ ಈ ತೊಡಕನ್ನು ನಿವಾರಿಸಿತು. ಕೋಡಿನ ಮೇಲೆ ‘2 ಅಥವಾ ನಂತರದ ಆವೃತ್ತಿ’ ಎಂದಿದ್ದರೆ 3ನ್ನು ಆರಿಸಿಕೊಳ್ಳಬಹುದು. ಲಿನಕ್ಸ್ ಕರ್ನಲ್ಲಿನಂತೆ ‘2 ಮಾತ್ರ’ ಎಂದಿದ್ದರೆ ಆ ದಾರಿ ಇಲ್ಲ.

ಭಾರತದ ಪೇಟೆಂಟ್ ಕಾಯಿದೆಯ 3(ಕೆ) ಕಲಮಿನಂತೆ ಗಣಕ ಪ್ರೋಗ್ರಾಮಿಗೆ ಅದೊಂದಕ್ಕೇ ಪೇಟೆಂಟ್ ದೊರೆಯದು. ಆದರೆ ಅಮೆರಿಕಕ್ಕೆ ರಫ್ತಾಗುವ ಯಂತ್ರದೊಳಗಿನ ತಂತ್ರಾಂಶಕ್ಕೆ ಅಲ್ಲಿಯ ಪೇಟೆಂಟುಗಳು ಅನ್ವಯಿಸುತ್ತವೆ.

ಸ್ವಂತ ಕಾರ್ಖಾನೆಯೊಳಗೆ ಬಳಸುವವರೆಗೆ ಜಿಪಿಎಲ್ ಪರವಾನಗಿಯ ವಿತರಣೆಯ ಷರತ್ತುಗಳು ಅನ್ವಯಿಸುವುದಿಲ್ಲ. ಯಂತ್ರದೊಡನೆ ಕೋಡೂ ಗ್ರಾಹಕರ ಕೈಸೇರಿದೊಡನೆ ಅನ್ವಯಿಸುತ್ತವೆ. ಅವನ್ನು ಮೀರಿದರೆ ವಿತರಿಸುವ ಹಕ್ಕಿಗೇ ಕುತ್ತು. ಆದ್ದರಿಂದ ತಂತ್ರಾಂಶ ಒದಗಿಸುವವರಿಂದ ಪ್ರತಿಯೊಂದು ಭಾಗದ ಪರವಾನಗಿ ಹಾಗೂ ಆವೃತ್ತಿಯ ಪಟ್ಟಿಯನ್ನು ಲಿಖಿತವಾಗಿ ಪಡೆದು ಕರಾರಿಗೆ ಲಗತ್ತಿಸಿಕೊಳ್ಳುವುದು ಸದಸ್ಯರಿಗೆ ಕ್ಷೇಮಕರ. ಸರಕು ಹಡಗೇರಿದ ಮೇಲೆ ಕೋಡನ್ನು ಬೇರ್ಪಡಿಸುವುದು ಸುಲಭವಲ್ಲ.