ಡೇರಿ ಚೀಟಿಯೊಳಗಿನ ರಸಾಯನಶಾಸ್ತ್ರ

ಕರ್ನಾಟಕದ ಸಾವಿರಾರು ಹಳ್ಳಿಗಳಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ರಸಾಯನಶಾಸ್ತ್ರದ ಅಳತೆ ನಡೆಯುತ್ತದೆ. ಹಾಲು ಉತ್ಪಾದಕರ ಸಹಕಾರ ಸಂಘ ಊರವರ ಬಾಯಲ್ಲಿ ಬರೀ ‘ಡೇರಿ’. ಅಲ್ಲಿ ಹಾಲು ಹಾಕಿದವರ ಕೈಗೆ ಬರುವ ಚೀಟಿಯಲ್ಲಿ ಹಾಲಿನ ಪ್ರಮಾಣ, ಫ್ಯಾಟ್, ಡಿಗ್ರಿ, ಎಸ್‌ಎನ್‌ಎಫ್ ಎಂಬ ಅಂಕಿಗಳಿರುತ್ತವೆ. ಮನೆಯ ದುಡ್ಡು ನಿಂತಿರುವುದೇ ಅವುಗಳ ಮೇಲೆ. ಅದೇ ಮನೆಯ ಹುಡುಗಿ ಶಾಲೆಯಲ್ಲಿ ಸಾಂದ್ರತೆ, ಮಿಶ್ರಣ, ಕಲಿಲ ಎಂದು ಬಾಯಿಪಾಠ ಮಾಡುತ್ತಿರುತ್ತಾಳೆ. ತನ್ನ ಪುಸ್ತಕದ ಪಾಠವೇ ಅಮ್ಮನ ಸೆರಗಿನ ಗಂಟಿನಲ್ಲಿರುವ ಚೀಟಿಯಲ್ಲೂ ಇದೆ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಹೇಳಲೇಬೇಕಾದ ಮಾತು ಅದು.

ಡಿಗ್ರಿಯಿಂದಲೇ ಶುರುಮಾಡೋಣ. ಲ್ಯಾಕ್ಟೋಮೀಟರ್ ಗಾಜಿನ ಬುರುಡೆಯ ಸರಳ ಸಾಧನ. ಹಾಲು ಗಟ್ಟಿಯಾಗಿದ್ದಷ್ಟೂ ಮೇಲೆ ತೇಲುತ್ತದೆ, ತೆಳುವಾದಷ್ಟೂ ಮುಳುಗುತ್ತದೆ. ಅದು 30 ತೋರಿಸಿದರೆ ಸಾಂದ್ರತೆ 1.030, ಅಂದರೆ ಒಂದು ಲೀಟರ್ ಹಾಲು 1,030 ಗ್ರಾಂ ತೂಗುತ್ತದೆ. ನೀರಿನದು ಸೊನ್ನೆ ಡಿಗ್ರಿ, ಲೀಟರಿಗೆ ಸಾವಿರ ಗ್ರಾಂ. ಒಂಬತ್ತು ಲೀಟರ್ ಹಾಲಿಗೆ ಒಂದು ಲೀಟರ್ ನೀರು ಬೆರೆಸಿದರೆ 30ರ ಹತ್ತರಲ್ಲಿ ಒಂಬತ್ತು ಪಾಲು ಉಳಿಯುತ್ತದೆ, ಡಿಗ್ರಿ 27ಕ್ಕೆ ಇಳಿಯುತ್ತದೆ. ಉಷ್ಣತೆಯನ್ನೂ ಮರೆಯುವಂತಿಲ್ಲ. ಪ್ರತಿ ಲ್ಯಾಕ್ಟೋಮೀಟರನ್ನೂ ಒಂದು ನಿಗದಿತ ಉಷ್ಣತೆಗೆ ಹೊಂದಿಸಿರುತ್ತಾರೆ. ಹಾಲು ಅದಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಿದ್ದರೆ ಓದು ಸುಮಾರು 0.2ರಷ್ಟು ಕಡಿಮೆ ಬರುತ್ತದೆ. ಆಗತಾನೆ ಕರೆದ ಬೆಚ್ಚಗಿನ ನೊರೆಹಾಲನ್ನು ತಿದ್ದುಪಡಿಯಿಲ್ಲದೆ ಅಳೆದರೆ ನೀರು ಹಾಕದ ರೈತನ ಮೇಲೂ ಅನುಮಾನ ಬರುತ್ತದೆ. ಇದು ಸಣ್ಣ ಅನ್ಯಾಯವಲ್ಲ.

ಈ ಒಂದು ಅಳತೆ ಸಾಲದೇ ಎಂದರೆ, ಸಾಲದು. ಕಾರಣ ದ್ರವ್ಯದ ವರ್ಗೀಕರಣದಲ್ಲೇ ಇದೆ. ಶುದ್ಧ ವಸ್ತುವಿಗೆ, ಅದು ಚಿನ್ನದಂಥ ಧಾತುವಾಗಲಿ ನೀರಿನಂಥ ಸಂಯುಕ್ತವಾಗಲಿ, ಒಂದು ಉಷ್ಣತೆಯಲ್ಲಿ ಒಂದೇ ಸಾಂದ್ರತೆ. ಚಿನ್ನ ಎಲ್ಲಿ ಅಗೆದು ತೆಗೆದರೂ ಘನ ಸೆಂಟಿಮೀಟರಿಗೆ 19.3 ಗ್ರಾಂ. ಹಾಲು ಹಾಗಲ್ಲ, ಅದು ಮಿಶ್ರಣ. ಹಸುವಿನ ತಳಿ, ಮೇವು, ಕರು ಹಾಕಿ ಎಷ್ಟು ದಿನವಾಯಿತು ಎಂಬುದನ್ನೆಲ್ಲ ಅವಲಂಬಿಸಿ ಅಂಕಿ ಏರಿಳಿಯುತ್ತದೆ. ಮಿಶ್ರಣದಲ್ಲಿ ಎರಡು ಬದಲಾವಣೆಗಳು ಒಂದನ್ನೊಂದು ಮುಚ್ಚಿಹಾಕಲೂಬಹುದು. ಕೊಬ್ಬು ನೀರಿಗಿಂತ ಹಗುರ. ಕೆನೆ ತೆಗೆದರೆ ಉಳಿದ ಹಾಲು ಇನ್ನಷ್ಟು ಭಾರವಾಗಿ ಡಿಗ್ರಿ 35ರ ಆಸುಪಾಸಿಗೆ ಏರುತ್ತದೆ. ಅಂಥ ಆರು ಲೀಟರ್ ಹಾಲಿಗೆ ಒಂದು ಲೀಟರ್ ನೀರು ಸೇರಿಸಿ ನೋಡಿ: 35ನ್ನು ಆರರಿಂದ ಗುಣಿಸಿ ಏಳರಿಂದ ಭಾಗಿಸಿದರೆ ಸರಿಯಾಗಿ 30. ಕೆನೆಯೂ ಹೋಯಿತು, ನೀರೂ ಸೇರಿತು, ಲ್ಯಾಕ್ಟೋಮೀಟರ್ ಮಾತ್ರ ಒಳ್ಳೆಯ ಹಾಲೆಂದು ಸಾಕ್ಷಿ ಹೇಳುತ್ತದೆ!

ಅದಕ್ಕೇ ಎರಡನೆಯ ಅಳತೆ, ಫ್ಯಾಟ್. ಇದರ ಹಿಂದಿರುವ ಇಬ್ಬರನ್ನು ನಮ್ಮ ಹೈನುಗಾರರು ನೆನೆಯಬೇಕು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ 1890ರಲ್ಲಿ ಕೊಬ್ಬಿನ ಪರೀಕ್ಷೆಯೊಂದನ್ನು ಪ್ರಕಟಿಸಿದ. ಅದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟ. ಅದೇ ಕಾಲದಲ್ಲಿ ಸ್ವಿಟ್ಜರ್‌ಲೆಂಡ್‌ನ ನಿಕ್ಲಾಸ್ ಗರ್ಬರ್ ರೂಪಿಸಿದ ವಿಧಾನ ನಮ್ಮ ದೇಶದ ಡೇರಿಗಳಿಗೆ ಬಂತು. ಬ್ಯುಟಿರೋಮೀಟರ್ ಎಂಬ ಗಾಜಿನ ಕೊಳವೆಗೆ 10 ಮಿಲಿಲೀಟರ್ ಸಲ್ಫ್ಯೂರಿಕ್ ಆಮ್ಲ, 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್ ಹಾಕುತ್ತಾರೆ. ಆಮ್ಲ ಪ್ರೋಟೀನನ್ನು ಕರಗಿಸಿ ಕೊಬ್ಬನ್ನು ಬಿಡಿಸುತ್ತದೆ. ಕೊಳವೆಯನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, 65 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿಟ್ಟು, ಕತ್ತಿನಲ್ಲಿ ಮೇಲೆದ್ದ ಕೊಬ್ಬಿನ ಕಂಬವನ್ನು ಓದಿದರೆ ನೇರವಾಗಿ ಶೇಕಡಾವಾರು ಸಿಗುತ್ತದೆ.

ಈ 10.75 ಎಂಬ ವಿಚಿತ್ರ ಅಂಕಿಯೊಳಗೆ ಒಂದು ಸೊಗಸಾದ ಲೆಕ್ಕ ಅಡಗಿದೆ. ಅಷ್ಟು ಹಾಲು 1.03ರ ಸಾಂದ್ರತೆಯಲ್ಲಿ ಸುಮಾರು 11.07 ಗ್ರಾಂ. ಅದರ ಶೇ 1 ಎಂದರೆ 0.11 ಗ್ರಾಂ ಕೊಬ್ಬು. ಕೊಳವೆಯ ಮೇಲಿನ ಒಂದು ಗೆರೆಗೆ, ಅಂದರೆ ಶೇ 1ಕ್ಕೆ, ಇಟ್ಟಿರುವ ಜಾಗ 0.125 ಮಿಲಿಲೀಟರ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.89ರ ಹತ್ತಿರ ಬರುತ್ತದೆ. ಆ ಬಿಸಿಯಲ್ಲಿ ಹಾಲಿನ ಕೊಬ್ಬಿನ ಸಾಂದ್ರತೆಯೇ ಅದು. ತೂಕ ತೂಗುವ ಗೋಜಿಲ್ಲದೆ ಗಾತ್ರ ಓದಿ ತೂಕದ ಶೇಕಡಾ ಪಡೆಯುವ ಹಾಗೆ ಇಡೀ ಸಾಧನವನ್ನು ಅಳೆದು ಮಾಡಿದ್ದಾರೆ. ಈಗ ಅನೇಕ ಸಂಘಗಳಲ್ಲಿ ವಿದ್ಯುನ್ಮಾನ ಯಂತ್ರ ಅರೆ ನಿಮಿಷದಲ್ಲಿ ಉತ್ತರ ಕೊಡುತ್ತದೆ. ಆದರೂ ವಿಜ್ಞಾನ ಕಲಿಯುವ ಪ್ರತಿ ಮಗುವೂ ಒಮ್ಮೆ, ದೂರದಿಂದಲೇ ಸರಿ, ಗರ್ಬರ್ ಪರೀಕ್ಷೆ ನೋಡಬೇಕೆಂಬುದು ನನ್ನ ಆಸೆ.

ಬರಿಗಣ್ಣಿಗೆ ಹಾಲು ಮೊದಲಿನಿಂದ ಕೊನೆಯವರೆಗೂ ಒಂದೇ ಬಿಳುಪು, ಏಕರೂಪ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕೊಬ್ಬಿನ ಗೋಲಿಗಳು ತೇಲಾಡುವುದು ಕಾಣುತ್ತದೆ; ಅವು ಸರಾಸರಿ ಮೂರ್ನಾಲ್ಕು ಮೈಕ್ರೋಮೀಟರ್. ಕೇಸಿನ್ ಎಂಬ ಪ್ರೋಟೀನಿನ ಕಣಗಳು ಅದಕ್ಕಿಂತ ಎಷ್ಟೋ ಪಟ್ಟು ಚಿಕ್ಕವು. ಕರಗುವುದೂ ಇಲ್ಲ, ತಳಕ್ಕೆ ಕೂರುವುದೂ ಇಲ್ಲ, ಅದೇ ಕಲಿಲ. ಇವೆರಡೂ ಬೆಳಕನ್ನು ಚದುರಿಸುವುದರಿಂದ ಹಾಲು ಬೆಳ್ಳಗೆ. ಕೆನೆ ಪೂರ್ತಿ ತೆಗೆದ ಹಾಲಿನಲ್ಲಿ ಸಣ್ಣ ಕಣಗಳಷ್ಟೇ ಉಳಿದು ಅದು ತುಸು ನೀಲಿಯಾಗಿ ಕಾಣುತ್ತದೆ. ಲ್ಯಾಕ್ಟೋಸ್ ಸಕ್ಕರೆ ಮತ್ತು ಲವಣಗಳದು ನಿಜವಾದ ದ್ರಾವಣ. ಪುಸ್ತಕದಲ್ಲಿ ಬೇರೆ ಬೇರೆ ಪುಟಗಳಲ್ಲಿರುವ ಮೂರು ಬಗೆಗಳೂ ಒಂದೇ ಲೋಟದಲ್ಲಿ! ಗಟ್ಟಿಯಾಗಿ ಕಾಯಿಸಿದ ತುಪ್ಪ ಕೂಡ ರಸಾಯನಶಾಸ್ತ್ರದ ಕಣ್ಣಿಗೆ ಮಿಶ್ರಣವೇ. ಹಲವು ಬಗೆಯ ಕೊಬ್ಬುಗಳು ಅದರಲ್ಲಿ ಸೇರಿರುವುದರಿಂದ ಚಳಿಗಾಲದಲ್ಲಿ ಅರ್ಧ ಹರಳಾಗಿ, ಅರ್ಧ ದ್ರವವಾಗಿ ನಿಲ್ಲುತ್ತದೆ. ಶುದ್ಧ ವಸ್ತುವಾಗಿದ್ದರೆ ಒಂದು ನಿಖರವಾದ ಉಷ್ಣತೆಯಲ್ಲಿ ಕರಗಿಬಿಡುತ್ತಿತ್ತು.

ಡಿಗ್ರಿ, ಫ್ಯಾಟ್ ಎರಡೂ ಕೈಗೆ ಬಂದ ಮೇಲೆ ಮೂರನೆಯದನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ಬ್ರಿಟಿಷ್ ರಸಾಯನಜ್ಞ ಹೆನ್ರಿ ರಿಚ್ಮಂಡ್ ಕೊಟ್ಟ ಸೂತ್ರ ಹೀಗಿದೆ: ಡಿಗ್ರಿಯನ್ನು ನಾಲ್ಕರಿಂದ ಭಾಗಿಸಿ, ಫ್ಯಾಟ್‌ನ ಐದನೇ ಒಂದು ಪಾಲು ಕೂಡಿಸಿ, 0.14 ಸೇರಿಸಿದರೆ ಕೊಬ್ಬು ಬಿಟ್ಟು ಉಳಿದ ಘನಾಂಶ, ಅಂದರೆ ಎಸ್‌ಎನ್‌ಎಫ್. ಲ್ಯಾಕ್ಟೋಮೀಟರ್ ಬೇರೆಯಾದರೆ ಕೊನೆಯ ಅಂಕಿಯೂ ಬದಲಾಗುತ್ತದೆ. 30 ಡಿಗ್ರಿ, 4.0 ಫ್ಯಾಟ್ ಇದ್ದರೆ 7.5, 0.8, 0.14 ಸೇರಿ 8.44. ಮೇಲೆ ಹೇಳಿದ ಕೆನೆ ತೆಗೆದು ನೀರು ಹೊಯ್ದ ಹಾಲಿಗೂ ಡಿಗ್ರಿ 30 ಇತ್ತಲ್ಲ? ಫ್ಯಾಟ್ ಸೊನ್ನೆಯ ಹತ್ತಿರವಿರುವುದರಿಂದ ಅದರ ಎಸ್‌ಎನ್‌ಎಫ್ 7.64 ಮಾತ್ರ. ಹಸುವಿನ ಹಾಲಿಗೆ ದೇಶದ ಆಹಾರ ಮಾನದಂಡ ಕೇಳುವುದು ಕನಿಷ್ಠ 3.2 ಫ್ಯಾಟ್, 8.3 ಎಸ್‌ಎನ್‌ಎಫ್. ಲ್ಯಾಕ್ಟೋಮೀಟರನ್ನು ದಾಟಿದ ಮೋಸ ಇಲ್ಲಿ ಸಿಕ್ಕಿಬೀಳುತ್ತದೆ.

ಇನ್ನೂ ಖಚಿತ ಬೇಕಾದರೆ ಪ್ರಯೋಗಾಲಯದಲ್ಲಿ ಹಾಲನ್ನು ಹೆಪ್ಪುಗಟ್ಟಿಸಿ ನೋಡುತ್ತಾರೆ. ಹಾಲು ಮಂಜಾಗುವುದು ಸೊನ್ನೆಗಿಂತ ಕೆಳಗೆ, ಸುಮಾರು –0.54 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೇರೆಲ್ಲ ಏರಿಳಿದರೂ ಈ ಅಂಕಿ ಹೆಚ್ಚು ಕದಲುವುದಿಲ್ಲ. ಕೆಚ್ಚಲಿನೊಳಗೆ ಹಾಲು ಹಸುವಿನ ರಕ್ತದೊಂದಿಗೆ ಪರಾಸರಣದ ಒತ್ತಡದಲ್ಲಿ ಸಮತೋಲನದಲ್ಲಿರಬೇಕು. ಸಕ್ಕರೆ ಕಡಿಮೆಯಾದರೆ ಲವಣ ಆ ಜಾಗ ತುಂಬುತ್ತದೆ. ಕೊಬ್ಬು ಕರಗಿರುವುದಿಲ್ಲವಾದ್ದರಿಂದ ಕೆನೆ ತೆಗೆದರೂ ಇದು ಬದಲಾಗದು. ಶೇ 10 ನೀರು ಸೇರಿದರೆ ಮಾತ್ರ –0.49ರ ಹತ್ತಿರಕ್ಕೆ ಏರುತ್ತದೆ.

ಹೈನುಗಾರರು ತಾವೇ ಮಾಡಬಹುದಾದ ಲೆಕ್ಕಗಳೂ ಇವೆ. ಬೆಳಗ್ಗೆ 8 ಲೀಟರ್ ಹಾಲಿಗೆ 3.6 ಫ್ಯಾಟ್, ಸಂಜೆ 4 ಲೀಟರಿಗೆ 4.2 ಬಂದರೆ ದಿನದ ಸರಾಸರಿ 3.9 ಅಲ್ಲ, 3.8. ಬೆಳಗಿನ ಹಾಲು ಹೆಚ್ಚಿರುವುದರಿಂದ ಅದರ ಅಂಕಿಗೆ ತೂಕವೂ ಹೆಚ್ಚು. ಇನ್ನೊಂದು, ಲೀಟರು ಮತ್ತು ಕೆಜಿ. 1.030ರ ಹಾಲು ನೂರು ಲೀಟರ್ ಇದ್ದರೆ 103 ಕೆಜಿ. ತಕ್ಕಡಿಯಲ್ಲಿ ತೂಗಿ 100 ಕೆಜಿ ಬಂದರೆ ಅದು 97 ಲೀಟರ್ ಚಿಲ್ಲರೆ. ದಿನಕ್ಕೆ ಹತ್ತು ಲೀಟರ್ ಹಾಕುವ ಮನೆಗೆ ಈ ವ್ಯತ್ಯಾಸ ತಿಂಗಳಿಗೆ ಒಂಬತ್ತು ಕೆಜಿಯಾಗುತ್ತದೆ. ಹಾಗಾಗಿ ಚೀಟಿ ಕೈಗೆ ಬಂದಾಗ ಪ್ರಮಾಣ ಯಾವುದರಲ್ಲಿದೆ, ದರ ಯಾವುದಕ್ಕೆ ಕಟ್ಟಿದ್ದಾರೆ ಎಂದು ಕಾರ್ಯದರ್ಶಿಯನ್ನು ಕೇಳಿ, ಭಾಗಾಕಾರವನ್ನು ಮನೆಯ ಮಗಳ ಕೈಲಿ ಮಾಡಿಸಿ.