ಡಿಲನ್ ಬಾಯಿ ಬಿಟ್ಟಿದ್ದು ರೇಡಿಯೊದಲ್ಲಿ

2016ರ ಅಕ್ಟೋಬರ್‌ನಲ್ಲಿ ತಮಗೆ ಸಾಹಿತ್ಯದ ನೊಬೆಲ್ ಘೋಷಣೆಯಾದಾಗ ಅಮೆರಿಕದ ಗಾಯಕ ಬಾಬ್ ಡಿಲನ್ ಸುಮಾರು ಎರಡು ವಾರ ತುಟಿಪಿಟಕ್ಕೆನ್ನಲಿಲ್ಲ. ಪ್ರಶಸ್ತಿ ಕೊಡುವ ಸ್ವೀಡಿಷ್ ಅಕಾಡೆಮಿಯವರ ಕೈಗೂ ಸಿಗಲಿಲ್ಲ. ಡಿಸೆಂಬರ್‌ನ ಸಮಾರಂಭಕ್ಕೂ ಹೋಗಲಿಲ್ಲ. ವೇದಿಕೆ ಹತ್ತಿದರೆ ಹಾಡಿನ ಮೇಲೆ ಹಾಡು, ನಡುವೆ ಮಾತು ಅಪರೂಪ. ಸಂದರ್ಶಕರು ನೇರವಾಗಿ ಕೇಳಿದರೆ ಅಡ್ಡ ಉತ್ತರ. ಇಂಥವರು ಮೂರು ವರ್ಷಗಳಲ್ಲಿ ನೂರು ತಾಸು ರೇಡಿಯೊದಲ್ಲಿ ಕೂತು ಹರಟೆ ಹೊಡೆದಿದ್ದರು!

ಕಾರ್ಯಕ್ರಮದ ಹೆಸರು 'ಥೀಮ್ ಟೈಮ್ ರೇಡಿಯೊ ಅವರ್'. ಶುರುವಾಗಿದ್ದು 2006ರ ಮೇ 3ರಂದು, ಅಮೆರಿಕದ ಎಕ್ಸ್‌ಎಂ ಉಪಗ್ರಹ ರೇಡಿಯೊದಲ್ಲಿ. ಚಂದಾ ಕಟ್ಟಿದವರಿಗಷ್ಟೇ ಕೇಳಿಸುವ ವಾಹಿನಿಯಾದ್ದರಿಂದ ಈ ವಾರದ ಹಿಟ್ ಹಾಡುಗಳ ಹಂಗಿರಲಿಲ್ಲ. ಪ್ರತಿ ಕಂತಿಗೂ ಒಂದು ವಿಷಯ: ಹವಾಮಾನ, ಅಮ್ಮ, ಕುಡಿತ, ಕಾಫಿ, ಜೈಲು, ನಾಯಿ... ವಿಷಯಕ್ಕೆ ಒಗ್ಗಿದರೆ ಸಾಕು, ಹಳೇ ಬ್ಲೂಸ್ ಪಕ್ಕದಲ್ಲೇ ರ‍್ಯಾಪ್ ಬಂದು ಕೂರುತ್ತಿತ್ತು. ಹವಾಮಾನದ ಮೊದಲ ಕಂತು ಮಡ್ಡಿ ವಾಟರ್ಸ್ ಹಾಡಿದ ಗಾಳಿಯ ಹಾಡಿನಿಂದ ಆರಂಭವಾಯಿತು. 'ಅಮ್ಮ' ಕಂತಿನಲ್ಲಿ ರ‍್ಯಾಪರ್ ಎಲ್‌ಎಲ್ ಕೂಲ್ ಜೆ ಸರದಿ ಬಂದಾಗ, ಆ ಹಾಡಿನ ಮೊದಲ ಸಾಲುಗಳನ್ನು ಅರವತ್ತು ದಾಟಿದ ಡಿಲನ್ ತಮ್ಮ ಗೊಗ್ಗರು ದನಿಯಲ್ಲಿ ತಾವೇ ಒಪ್ಪಿಸಿದರು. ಬೇಸ್‌ಬಾಲ್ ಕಂತಿನಲ್ಲಂತೂ ಆ ಆಟದ ಹಳೇ ಹಾಡನ್ನು ವಾದ್ಯದ ಸಹಾಯವಿಲ್ಲದೆ ಹಾಡಿಯೇ ಬಿಟ್ಟರು.

ಅಬರ್ನಥಿ ಕಟ್ಟಡದ ಸ್ಟುಡಿಯೊದಿಂದ ಪ್ರಸಾರವಾಗುತ್ತಿದೆ ಎಂದು ಕೇಳುಗರಿಗೆ ಹೇಳಲಾಗುತ್ತಿತ್ತು. ಅಂಥ ಕಟ್ಟಡವೇ ಇರಲಿಲ್ಲ. ಊರೂರು ಸುತ್ತಿ ಕಛೇರಿ ಕೊಡುತ್ತಿದ್ದ ಡಿಲನ್ ತಮ್ಮ ಮಾತನ್ನು ಬಿಡುವಾದಾಗ ಬೇರೆಯಾಗಿ ರೆಕಾರ್ಡ್ ಮಾಡುತ್ತಿದ್ದರು. ಟಿವಿ ಹಾಸ್ಯ ಧಾರಾವಾಹಿಗಳ ಬರಹಗಾರ, ನಿರ್ಮಾಪಕ ಎಡ್ಡಿ ಗೊರೊಡೆಟ್‌ಸ್ಕಿ ತಮ್ಮ ದೊಡ್ಡ ಸಂಗ್ರಹದಿಂದ ಹಾಡು ಹೆಕ್ಕಿ, ಮಾಹಿತಿ ಕಲೆಹಾಕಿಸಿ, ಎಲ್ಲವನ್ನೂ ಜೋಡಿಸುತ್ತಿದ್ದರು. ಶುರುವಿಗೆ ನಟಿ ಎಲೆನ್ ಬಾರ್ಕಿನ್ ಮಾದಕ ದನಿಯಲ್ಲಿ ನಗರದ ರಾತ್ರಿಯೊಂದನ್ನು ವರ್ಣಿಸುತ್ತಿದ್ದರು. ಕೇಳುವವರಿಗೆ 1950ರ ದಶಕದ ಯಾವುದೋ ಸ್ಟೇಷನ್ ಸಿಕ್ಕಂತಾಗಬೇಕು, ಅದೇ ಕಾರ್ಯಕ್ರಮದ ಉದ್ದೇಶ.

ಡಿಲನ್ ಬೆಳೆದದ್ದೂ ಅಂಥ ಸ್ಟೇಷನ್‌ಗಳನ್ನು ಕೇಳುತ್ತಲೇ. ಮಿನ್ನೆಸೋಟದ ಗಣಿಯೂರು ಹಿಬ್ಬಿಂಗ್‌ನಲ್ಲಿದ್ದ ಹುಡುಗನಿಗೆ ಸುಮಾರು 1,600 ಕಿ.ಮೀ. ದೂರದ ಲೂಯಿಸಿಯಾನಾದ ಶ್ರೀವ್‌ಪೋರ್ಟ್‌ನಿಂದ ರಾತ್ರಿ ಹೊತ್ತು ಬ್ಲೂಸ್ ಕೇಳಿಸುತ್ತಿತ್ತು. ರಾತ್ರಿಯೇ ಏಕೆ? ಹಗಲಲ್ಲಿ ರೇಡಿಯೊದ ಮಧ್ಯಮ ತರಂಗಗಳನ್ನು ವಾಯುಮಂಡಲದ ಅಯಾನುಗೋಳದ ಕೆಳಪದರ ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅಲೆಗಳು ಇನ್ನೂ ಎತ್ತರದ ಪದರಕ್ಕೆ ತಾಗಿ ದೂರದ ಊರುಗಳಲ್ಲಿ ಇಳಿಯುತ್ತವೆ.

ಮೈಕ್ ಮುಂದೆ ಕೂತ ರಾಕ್ ಗಾಯಕ ಡಿಲನ್ ಒಬ್ಬರೇ ಅಲ್ಲ. ಆಲಿಸ್ ಕೂಪರ್ 2004ರಲ್ಲೇ ರಾತ್ರಿ ಕಾರ್ಯಕ್ರಮ ಶುರುಮಾಡಿದ್ದರು. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡದೊಂದಿಗೆ ಅಬ್ಬರಿಸಿದ ಬ್ರೂಸ್ ಡಿಕಿನ್ಸನ್ ಆಗ ಬಿಬಿಸಿಯ '6 ಮ್ಯೂಸಿಕ್' ವಾಹಿನಿಯಲ್ಲಿ ರಾಕ್ ಕಾರ್ಯಕ್ರಮ ನಡೆಸಿಕೊಡುತ್ತಿದ್ದರು.

ಡಿಲನ್ ನೂರನೇ ಕಂತಿಗೆ, 2009ರ ಏಪ್ರಿಲ್‌ನಲ್ಲಿ, 'ವಿದಾಯ' ಎಂಬ ವಿಷಯ ಇಟ್ಟುಕೊಂಡು ವುಡಿ ಗತ್ರಿಯ ಹಾಡಿನೊಂದಿಗೆ ಮುಗಿಸಿದರು. 1961ರಲ್ಲಿ ಆಸ್ಪತ್ರೆಗೆ ಹುಡುಕಿಕೊಂಡು ಹೋಗಿ ನೋಡಿದ್ದ ಗುರು ಅವರು. 2020ರಲ್ಲಿ ಡಿಲನ್ ವಿಸ್ಕಿ ಕುರಿತ ಎರಡು ತಾಸಿನ ವಿಶೇಷ ಕಂತಿಗೆ ಮತ್ತೆ ಬಂದರು. ಅಷ್ಟರಲ್ಲಿ ಅವರದೇ ವಿಸ್ಕಿ ಮಾರುಕಟ್ಟೆಯಲ್ಲಿತ್ತು. ತಮ್ಮ ಬಗ್ಗೆ ಕೇಳಿದರೆ ಜಾರಿಕೊಳ್ಳುವ ಮನುಷ್ಯ ಬೇರೆಯವರ ಹಾಡಿನ ಸುದ್ದಿ ಬಂದರೆ ಎಷ್ಟು ಬೇಕಾದರೂ ಮಾತಾಡುತ್ತಾರೆ. 2022ರಲ್ಲಿ ಬಂದ ಅವರ ಪುಸ್ತಕ 'ದಿ ಫಿಲಾಸಫಿ ಆಫ್ ಮಾಡರ್ನ್ ಸಾಂಗ್' ಓದಿದರೆ ಅದೇ ರೇಡಿಯೊ ಧಾಟಿ ಸಿಗುತ್ತದೆ. ಅದರಲ್ಲಿ 66 ಹಾಡುಗಳ ಕುರಿತ ಬರಹಗಳಿವೆ. ಡಿಲನ್ ಬರೆದ ಹಾಡು ಒಂದೂ ಇಲ್ಲ.